ಹಲಗೆಯ ಮೇಲಿನ ಮೂರು ತಿಂಗಳು

1979ರ ದೀಪಾವಳಿ. ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆ ಅಮ್ಮ ಬಚ್ಚಲುಮನೆಯ ತಾಮ್ರದ ಹಂಡೆಯನ್ನು ಎತ್ತಿ, ಹುಣಸೆಹಣ್ಣು ಹಾಕಿ ತಿಕ್ಕಲು ಹೊರಟವಳು ಬಗ್ಗಿದಂತೆಯೇ ನಿಂತುಬಿಟ್ಟಳು. "ಅಯ್ಯೋ, ಸೊಂಟ ಹಿಡ್ಕೊಂಡ್ತು ಕಣೇ, ಅಪ್ಪನ್ನ ಕೂಗು" ಎಂದಳು. ನನಗಾಗ ಎಂಟು ವರ್ಷ. ಅಪ್ಪ ಬಂದು ಹಂಡೆಯನ್ನು ಬಿಡಿಸಿದರು, ಅಮ್ಮನನ್ನು ಗೋಡೆ ಹಿಡಿಸಿ ನಡುಮನೆಗೆ ಕರೆತಂದು ಮಲಗಿಸಿದರು. ಆ ಹಬ್ಬದಲ್ಲಿ ನಮಗೆ ಎಣ್ಣೆ ಒತ್ತಿದ್ದು ಪಕ್ಕದ ಮನೆಯ ಅಜ್ಜಿ.

ಮೊದಲ ನಾಲ್ಕು ದಿನ ಎಲ್ಲರ ಮನೆಯಲ್ಲೂ ಆಗುವುದೇ ನಮ್ಮಲ್ಲೂ ಆಯಿತು. ಉಪ್ಪು ಹುರಿದು ಬಟ್ಟೆಯಲ್ಲಿ ಗಂಟು ಕಟ್ಟಿ ಶಾಖ ಕೊಟ್ಟರು. ಹರಳೆಣ್ಣೆ ಹಚ್ಚಿದರು. ಕಾಲು ಮುಂದಾಗಿ ಹುಟ್ಟಿದವರಿಂದ ಒದೆಸಿಕೊಂಡರೆ ಉಳುಕು ಹೋಗುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಹಿಂದಿನ ಬೀದಿಯಿಂದ ಆರನೇ ಕ್ಲಾಸಿನ ಹುಡುಗನೊಬ್ಬನನ್ನು ಕರೆತಂದರು. ಅವನು ನಾಚಿಕೊಂಡು, ಕಾಲಿನ ತುದಿಯಿಂದ ಅಮ್ಮನ ಸೊಂಟಕ್ಕೆ ಮೂರು ಸಲ ಮುಟ್ಟಿಸಿ, ಕೊಟ್ಟ ಚಕ್ಕುಲಿ ಜೇಬಿಗೆ ಹಾಕಿಕೊಂಡು ಓಡಿಹೋದ. ನೋವು ಮಾತ್ರ ಅಲ್ಲೇ ಇತ್ತು.

ಐದನೆಯ ದಿನ ಅಪ್ಪ ಜಟಕಾದಲ್ಲಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನೂ ಹೋಗಿದ್ದೆ. ಒಳ್ಳೆಯ ಡಾಕ್ಟರು, ಬಡವರ ಹತ್ತಿರ ಫೀಸು ಕೇಳುತ್ತಿರಲಿಲ್ಲ. ಕಾಲೆತ್ತಿಸಿ, ಬೆನ್ನು ತಟ್ಟಿ ನೋಡಿದ ಮೇಲೆ "ಏನು ಕೆಲಸ ಮಾಡ್ತಾರೆ ಇವರು?" ಎಂದು ಅಪ್ಪನನ್ನು ಕೇಳಿದರು. "ಏನಿಲ್ಲ ಸಾರ್, ಮನೇಲೇ ಇರ್ತಾಳೆ" ಎಂದರು ಅಪ್ಪ. ಅಮ್ಮನೂ ತಲೆಯಾಡಿಸಿದಳು. "ಹಾಗಾದ್ರೆ ತೊಂದರೆ ಇಲ್ಲ. ಹಲಗೆ ಮೇಲೆ ಆರು ವಾರ ಮಲಗಲಿ. ಏಳೋ ಹಾಗಿಲ್ಲ" ಎಂದು ಚೀಟಿ ಬರೆದುಕೊಟ್ಟರು.

ಮನೆಯಲ್ಲಿರುವ ಅಮ್ಮ ಆಗ ವಾರಕ್ಕೆ ಎಂಟು ಹತ್ತು ರವಿಕೆ, ಮಕ್ಕಳ ಲಂಗ, ಹಬ್ಬದ ಕಾಲಕ್ಕೆ ಇನ್ನೂ ಹೆಚ್ಚು ಹೊಲಿಯುತ್ತಿದ್ದಳು. ನಡುಮನೆಯ ಕಿಟಕಿಯ ಹತ್ತಿರ ಕಾಲಲ್ಲಿ ತುಳಿಯುವ ಹೊಲಿಗೆ ಯಂತ್ರವಿತ್ತು. ಅಪ್ಪ ಸೊಸೈಟಿಯಲ್ಲಿ ಗುಮಾಸ್ತರು. ನಮ್ಮ ಸ್ಲೇಟು, ಪುಸ್ತಕ, ಹಾಲಿನವಳ ಬಾಕಿ ಎಲ್ಲ ತೀರುತ್ತಿದ್ದದ್ದು ಆ ಯಂತ್ರದಿಂದ. ಆದರೆ ಅದನ್ನು ಕೆಲಸ ಎಂದು ಹೇಳಬೇಕೆಂದು ಅಪ್ಪನಿಗೂ ತೋಚಲಿಲ್ಲ, ಅಮ್ಮನಿಗೂ ತೋಚಲಿಲ್ಲ.

ಆರು ವಾರ ಎಂದದ್ದು ಮೂರು ತಿಂಗಳಾಯಿತು. ಹಲಗೆಯ ಮೇಲೆ ಒಂದು ಜಮಖಾನ, ಅಷ್ಟೇ. ಅಲ್ಲೇ ಊಟ, ಅಲ್ಲೇ ಮಿಕ್ಕಿದ್ದೆಲ್ಲ. ಸೋದರತ್ತೆ ಬಂದು ಒಂದು ತಿಂಗಳಿದ್ದು ಹೋದರು. ಆಮೇಲೆ ಅನ್ನ ಬಸಿಯುವುದನ್ನು ನಾನು ಕಲಿತೆ. ಸಂಕ್ರಾಂತಿ ಕಳೆದ ಮೇಲೆ ಡಾಕ್ಟರು ಏಳಬಹುದು ಎಂದರು. ಎದ್ದರೆ ಅಮ್ಮನಿಗೆ ತಲೆ ಸುತ್ತು, ಕಾಲುಗಳು ಕಡ್ಡಿಯಾಗಿದ್ದವು. ಬಾಗಿಲವರೆಗೆ ಹೋಗುವುದಕ್ಕೇ ಭಯ. ಅಡಿಗೆಮನೆಯ ಕೆಲಸವನ್ನಂತೂ ಹೇಗೋ ಮಾಡಲೇಬೇಕಾಗಿ ಬಂತು, ಮಾಡಿದಳು. ಯಂತ್ರದ ಮುಂದೆ ಕೂರಲು ಮಾತ್ರ ಧೈರ್ಯ ಬರಲಿಲ್ಲ. "ಮತ್ತೆ ಹಿಡ್ಕೊಂಡ್ರೆ?" ಎನ್ನುವಳು. ಅಷ್ಟರಲ್ಲಿ ಗಿರಾಕಿಗಳೆಲ್ಲ ಪೇಟೆಯ ಟೈಲರಂಗಡಿಗೆ ಹೋಗಿಯಾಗಿತ್ತು. ಯಂತ್ರಕ್ಕೆ ಹಳೆಯ ಸೀರೆಯ ತುಂಡು ಹೊದಿಸಿದರು. ಏಳು ವರ್ಷ ಅದು ಹಾಗೆಯೇ ಇತ್ತು. 1986ರಲ್ಲಿ ನನ್ನನ್ನು ಪಿಯುಸಿಗೆ ಸೇರಿಸುವಾಗ ಫೀಸಿಗೆಂದು ಮಾರಿದರು.

ಈ ಕಥೆ ನನಗೆ ಮತ್ತೆ ನೆನಪಾದದ್ದು 2015ರ ಜುಲೈನಲ್ಲಿ, ನಾನೇ ಅಂಗಾತ ಮಲಗಿ ಮನೆಯ ಸೂರು ನೋಡುತ್ತಿದ್ದಾಗ. ಒಂಬತ್ತನೇ ತರಗತಿಯ ಅರವತ್ತು ನೋಟ್‌ಬುಕ್ಕುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಮಹಡಿ ಹತ್ತಿದ್ದೆ. ಆಗ ಏನೂ ಆಗಲಿಲ್ಲ. ತರಗತಿಯಲ್ಲಿ ಬಿದ್ದ ಸೀಮೆಸುಣ್ಣ ಎತ್ತಲು ಬಗ್ಗಿದೆ, ಅಷ್ಟೇ. ಅಮ್ಮ ಹಂಡೆಯ ಮುಂದೆ ನಿಂತ ಹಾಗೆ ನಾನು ಕಪ್ಪುಹಲಗೆಯ ಮುಂದೆ ನಿಂತೆ. ಮಕ್ಕಳು ಮೊದಲು ನಕ್ಕರು, ನನ್ನ ಮುಖ ನೋಡಿ ಸುಮ್ಮನಾದರು.

ಜಿಲ್ಲಾ ಕೇಂದ್ರದಲ್ಲಿ ಸ್ಕ್ಯಾನ್ ಮಾಡಿಸಿದೆವು. ಸೊಂಟದ ಕೆಳಗಿನ ಎರಡು ಮೂಳೆಗಳ ನಡುವಿನ ಡಿಸ್ಕು ಉಬ್ಬಿದೆ ಎಂದು ವರದಿ ಬಂತು. ಆರು ವಾರ ಪೂರ್ತಿ ವಿಶ್ರಾಂತಿ, ಸೊಂಟಕ್ಕೆ ಬೆಲ್ಟು, ಹತ್ತು ದಿನ ಟ್ರ್ಯಾಕ್ಷನ್. ಆ ವರದಿಯ ಕಾಗದವನ್ನು ನಾನು ದಿನಕ್ಕೆರಡು ಸಲ ಓದುತ್ತಿದ್ದೆ. ಓದಿದಷ್ಟೂ ನನ್ನ ಬೆನ್ನು ಗಾಜಿನದು ಎನಿಸುತ್ತಿತ್ತು.

ಮೂರನೆಯ ವಾರ ಅಮ್ಮ ತಮ್ಮನ ಮನೆಯಿಂದ ಬಂದಳು. ಆಗವಳಿಗೆ ಅರವತ್ತೆಂಟು. ನನ್ನ ಮಂಚದ ಪಕ್ಕ ಕುರ್ಚಿ ಎಳೆದುಕೊಂಡು ಕೂತು "ಎಷ್ಟು ದಿನ ಅಂದಿದಾರೆ?" ಎಂದಳು.

"ಆರು ವಾರ."

"ನಂಗೂ ಮೊದಲು ಆರು ವಾರ ಅಂತಲೇ ಅಂದಿದ್ದು" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಹೆಚ್ಚು ದಿನ ಮಲಗಬೇಡ ಕಣೇ. ಮಲಗಿದ್ರೆ ಭಯ ಕೂತ್ಕೊಳತ್ತೆ" ಎಂದಳು.

ಅದೇ ವಾರ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನೋಡಲು ಬಂದಳು. ಫಿಸಿಯೋಥೆರಪಿ ಓದಿ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದವಳು. ನನ್ನ ಕಾಲು, ಬೆರಳು, ಸ್ಪರ್ಶ ಎಲ್ಲ ಪರೀಕ್ಷೆ ಮಾಡಿ, ಕೆಲವು ಪ್ರಶ್ನೆ ಕೇಳಿ, "ಏಳಿ ಮಿಸ್, ಗೇಟಿನವರೆಗೆ ಹೋಗಿಬರೋಣ" ಎಂದಳು. ನಾನು ವರದಿ ತೋರಿಸಿದೆ. "ಇಂಥಾ ಉಬ್ಬು ನೋವಿಲ್ಲದವರಲ್ಲೂ ಇರತ್ತೆ ಮಿಸ್. ಮಲಗಿಸೋದನ್ನ ಬಿಟ್ಟು ಎಷ್ಟೋ ವರ್ಷ ಆಯ್ತು" ಎಂದಳು. ಎಷ್ಟು ವರ್ಷ ಎಂದು ಕೇಳಿದೆ. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಸವಿ ಇಲ್ಲದ ಮಾತು ರುಚಿಸುವುದಿಲ್ಲ. ಅವಳು ನಕ್ಕು, ಮುಂದಿನ ಸಲ ಬರುವಾಗ ಒಂದು ಕಟ್ಟು ಕಾಗದ ತಂದುಕೊಟ್ಟಳು. ಅಲ್ಲಿಂದ ಶುರುವಾದ ಓದು ಇದು.

ಸೊಂಟನೋವಿನ ಬಗ್ಗೆ ನಮಗೆ ಸಿಕ್ಕಿರುವ ಬಹಳ ಹಳೆಯ ಬರಹಗಳಲ್ಲೊಂದು ಈಜಿಪ್ಟಿನದು. ಎಡ್ವಿನ್ ಸ್ಮಿತ್ ಎಂಬ ಅಮೆರಿಕನ್ನನು 1862ರಲ್ಲಿ ಲಕ್ಸರ್‌ನಲ್ಲಿ ಕೊಂಡ ಪಪೈರಸ್ ಸುರುಳಿ. ಕ್ರಿಸ್ತಪೂರ್ವ 1600ರ ಸುಮಾರಿಗೆ ಯಾವನೋ ಲಿಪಿಕಾರ ಇನ್ನೂ ಹಳೆಯದೊಂದು ಗ್ರಂಥದಿಂದ ನಕಲು ಮಾಡಿದ್ದು. ತಲೆಯ ಗಾಯದಿಂದ ಶುರುವಾಗಿ ಕೆಳಕ್ಕೆ ಇಳಿಯುತ್ತ ಒಟ್ಟು 48 ಪ್ರಕರಣಗಳಿವೆ. ಕೊನೆಯದು ಬೆನ್ನುಮೂಳೆಯ ಉಳುಕು. ಕಾಲು ಚಾಚಿ ಮಡಿಸಲು ಹೇಳಿ ನೋಡು, ನೋವಾಗುತ್ತದೆ, ಇದು ನಾನು ವಾಸಿಮಾಡುವ ಕಾಯಿಲೆ, ಅವನನ್ನು ಅಂಗಾತ ಮಲಗಿಸು, ಆಮೇಲೆ ಅವನಿಗೆ ಎನ್ನುವಷ್ಟಕ್ಕೆ ಬರಹ ನಿಂತುಹೋಗಿದೆ. ಲಿಪಿಕಾರ ಅಲ್ಲಿಂದ ಮುಂದೆ ಬರೆಯಲೇ ಇಲ್ಲ. ಮಲಗಿಸಿದ ಮೇಲೆ ಏನು ಎಂಬುದಕ್ಕೆ ಉತ್ತರ ಬರಲು ಮೂರೂವರೆ ಸಾವಿರ ವರ್ಷ ಬೇಕಾಯಿತು.

ನಮ್ಮ ಚರಕಸಂಹಿತೆಯಲ್ಲಿ ವಾತವ್ಯಾಧಿಗಳ ಅಧ್ಯಾಯದಲ್ಲಿ ಗೃಧ್ರಸಿ ಎಂಬ ಹೆಸರಿದೆ. ಸೊಂಟದಿಂದ ತೊಡೆ, ಮಂಡಿ, ಪಾದದವರೆಗೆ ಇಳಿಯುವ ನೋವು ಅದು. ಗೃಧ್ರ ಎಂದರೆ ರಣಹದ್ದು. ಆ ನೋವಿನವರ ನಡಿಗೆ ಹದ್ದಿನ ನಡಿಗೆಯ ಹಾಗಿರುತ್ತದೆ ಎಂದು ಆ ಹೆಸರು. ಜರ್ಮನ್ನರು ಸೊಂಟ ಹಿಡಿದುಕೊಳ್ಳುವುದಕ್ಕೆ ಮಾಟಗಾತಿಯ ಬಾಣ ಎನ್ನುತ್ತಾರಂತೆ. ಇನ್ನೊಂದು ಕೇಳಿ. ಸ್ಕಾಟ್ಲೆಂಡಿನ ಈಶಾನ್ಯ ಭಾಗದ ಜನಪದ ನಂಬಿಕೆಗಳ ಬಗ್ಗೆ 1881ರಲ್ಲಿ ಪ್ರಕಟವಾದ ಪುಸ್ತಕದಲ್ಲಿ, ಕಾಲು ಮುಂದಾಗಿ ಹುಟ್ಟಿದವರು ತುಳಿದರೆ ಸೊಂಟನೋವು ಹೋಗುತ್ತದೆಂಬ ನಂಬಿಕೆ ದಾಖಲಾಗಿದೆ. ನಮ್ಮ ಹಿಂದಿನ ಬೀದಿಯ ಹುಡುಗನಿಗೆ ಅಷ್ಟು ದೂರದಲ್ಲೂ ನೆಂಟರಿದ್ದರು!

ಆದರೆ ನಾನು ಓದುತ್ತ ಓದುತ್ತ ನಿಂತದ್ದು ಇಟಲಿಯ ಬರ್ನಾರ್ಡಿನೊ ರಮಾಜ್ಜಿನಿ ಎಂಬ ವೈದ್ಯನ ಹತ್ತಿರ. 1700ರಲ್ಲಿ ಅವನು ಕಸುಬುದಾರರ ಕಾಯಿಲೆಗಳ ಬಗ್ಗೆಯೇ ಒಂದು ಗ್ರಂಥ ಬರೆದ. ಗಣಿಯವರು, ಕುಂಬಾರರು, ಅಗಸಗಿತ್ತಿಯರು, ಸೂಲಗಿತ್ತಿಯರು ಎಲ್ಲರೂ ಅದರಲ್ಲಿ ಬರುತ್ತಾರೆ. ದಿನವೆಲ್ಲ ಬಗ್ಗಿ ಕೂತು ಹೊಲಿಯುವ ದರ್ಜಿಗಳ, ಚಮ್ಮಾರರ ಬೆನ್ನು ಬಾಗಿಹೋಗುವುದನ್ನು ಅವನು ಬರೆದಿದ್ದಾನೆ. ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳೆಂದು ಹಿಪೊಕ್ರೆಟಿಸ್‌ನ ಕಾಲದಿಂದ ಬಂದ ಪಟ್ಟಿಗೆ ಅವನು ಇನ್ನೊಂದು ಪ್ರಶ್ನೆ ಸೇರಿಸಿದ: ನಿನ್ನ ಕಸುಬೇನು? ನಮ್ಮೂರ ಡಾಕ್ಟರೂ ಅದನ್ನು ಕೇಳಿದ್ದರಲ್ಲ! ತಪ್ಪಿದ್ದು ಉತ್ತರ. ಏನಿಲ್ಲ ಎಂದ ಮೇಲೆ, ಅವಳು ಯಂತ್ರದ ಮುಂದೆ ಮತ್ತೆ ಕೂರುವುದು ಹೇಗೆ ಎಂದು ಯಾರು ಯೋಚಿಸುತ್ತಾರೆ?

ಇನ್ನು ಮಲಗಿಸುವ ಪದ್ಧತಿ ಎಲ್ಲಿಂದ ಬಂತು ಎಂಬುದು. ಅದಕ್ಕೆ ನಾನು ಪ್ರತಿವರ್ಷ ಪಾಠ ಮಾಡುವ ಕೈಗಾರಿಕಾ ಕ್ರಾಂತಿಗೇ ಹೋಗಬೇಕಾಯಿತು. 1830ರಲ್ಲಿ ಲಿವರ್‌ಪೂಲ್‌ನಿಂದ ಮ್ಯಾಂಚೆಸ್ಟರಿಗೆ ರೈಲು ಓಡಿತು, ನಮ್ಮ ಬೊಂಬಾಯಿ-ಠಾಣೆಗೆ 1853ರಲ್ಲಿ ಬಂತು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇನೆ. ರೈಲಿನ ಜೊತೆಗೆ ಒಂದು ಕಾಯಿಲೆಯೂ ಬಂತೆಂದು ನನಗೇ ಗೊತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ ರೈಲು ಅಪಘಾತವಾದಾಗ ಹೊರಗೆ ಗಾಯವಿಲ್ಲದವರೂ ಬೆನ್ನುನೋವು, ನಿಶ್ಶಕ್ತಿ ಎಂದು ನರಳತೊಡಗಿದರು. ಅದಕ್ಕೆ ರೈಲ್ವೆ ಬೆನ್ನು ಎಂದೇ ಹೆಸರು ಬಿತ್ತು. ಜಾನ್ ಎರಿಕ್ಸನ್ ಎಂಬ ಲಂಡನ್ನಿನ ಶಸ್ತ್ರವೈದ್ಯ 1866ರಲ್ಲಿ ಪ್ರಕಟಿಸಿದ ಉಪನ್ಯಾಸಗಳಲ್ಲಿ, ಅಪಘಾತದ ಕುಲುಕಾಟದಿಂದ ಬೆನ್ನುಹುರಿಗೇ ಪೆಟ್ಟಾಗುತ್ತದೆ ಎಂದ. ಜನ ಕೋರ್ಟಿಗೆ ಹೋಗಿ ಪರಿಹಾರ ಕೇಳಿದರು. ರೈಲ್ವೆ ಕಂಪನಿಯೊಂದರ ವೈದ್ಯನಾಗಿದ್ದ ಹರ್ಬರ್ಟ್ ಪೇಜ್ 1883ರಲ್ಲಿ ಪುಸ್ತಕ ಬರೆದು, ಬೆನ್ನುಹುರಿಗೆ ಏನೂ ಆಗಿಲ್ಲ, ಹೆಚ್ಚಿನದೆಲ್ಲ ಭಯದಿಂದ ಆಗುವಂಥದ್ದು ಎಂದು ವಾದಿಸಿದ. ಅಲ್ಲಿಂದೀಚೆಗೆ ಬೆನ್ನುನೋವು ಎಂದವರನ್ನು ಜನ ಎರಡು ರೀತಿ ನೋಡತೊಡಗಿದರು. ಒಂದು, ಒಳಗೇನೋ ಮುರಿದಿದೆ, ಅಲುಗಾಡಿಸಬಾರದು. ಇನ್ನೊಂದು, ಏನೂ ಇಲ್ಲ, ನಾಟಕ. ನಡುವೆ ಇನ್ನೊಂದು ದಾರಿ ಇದೆ ಎಂದು ಯಾರಿಗೂ ಕಾಣಲಿಲ್ಲ.

ಅದೇ ಕಾಲದಲ್ಲಿ ಲಿವರ್‌ಪೂಲಿನಲ್ಲಿ ಹ್ಯೂ ಓವೆನ್ ಥಾಮಸ್ ಎಂಬ ಮೂಳೆ ವೈದ್ಯನಿದ್ದ. ತಲೆತಲಾಂತರದಿಂದ ಮೂಳೆ ಕೂಡಿಸುತ್ತಿದ್ದ ವೇಲ್ಸ್ ಮನೆತನದವನು. ಮೂಳೆ, ಕೀಲುಗಳಿಗೆ ಬಿಡುವಿಲ್ಲದ, ಕಟ್ಟುನಿಟ್ಟಾದ, ದೀರ್ಘ ವಿಶ್ರಾಂತಿ ಬೇಕು ಎಂಬುದು ಅವನ ಮಂತ್ರ. ಮುರಿದ ಮೂಳೆಗೆ, ಕ್ಷಯ ತಗುಲಿದ ಕೀಲಿಗೆ ಅದರಿಂದ ನಿಜವಾಗಿಯೂ ಉಪಕಾರವಾಯಿತು. ತೊಡೆಮೂಳೆ ಮುರಿದರೆ ಕಟ್ಟುವ ಪಟ್ಟಿಗೆ ಇಂದಿಗೂ ಅವನದೇ ಹೆಸರು. ಆದರೆ ಮುರಿಯದ, ಕ್ಷಯವೂ ಇಲ್ಲದ ಸೊಂಟನೋವಿಗೂ ವೈದ್ಯಲೋಕ ಅದೇ ಮಂತ್ರವನ್ನು ಅನ್ವಯಿಸಿಬಿಟ್ಟಿತು. 1934ರಲ್ಲಿ ಬೋಸ್ಟನ್ನಿನ ಮಿಕ್ಸ್‌ಟರ್ ಮತ್ತು ಬಾರ್ ಎಂಬ ವೈದ್ಯರು, ಒಡೆದ ಡಿಸ್ಕು ನರವನ್ನು ಒತ್ತುವುದರಿಂದ ಕಾಲಿನ ನೋವು ಬರುತ್ತದೆಂದು ತೋರಿಸಿಕೊಟ್ಟರು. ದೊಡ್ಡ ಶೋಧನೆ ಅದು. ಎಷ್ಟೋ ಜನರಿಗೆ ಶಸ್ತ್ರಚಿಕಿತ್ಸೆಯಿಂದ ಗುಣವಾಯಿತು. ಅದರ ಬೆನ್ನಿಗೇ, ಎಲ್ಲ ಸೊಂಟನೋವೂ ಡಿಸ್ಕಿನದು, ಡಿಸ್ಕು ಕೂಡಿಕೊಳ್ಳುವವರೆಗೆ ಮಲಗಿರಬೇಕು ಎಂಬ ನಂಬಿಕೆಯೂ ಬೇರೂರಿತು. ಅಮ್ಮನ ಹಲಗೆ ಬಂದದ್ದು ಈ ದಾರಿಯಲ್ಲಿ. ನಮ್ಮೂರ ಡಾಕ್ಟರು ತಮ್ಮ ಕಾಲದ ಪುಸ್ತಕದಲ್ಲಿ ಇದ್ದದ್ದನ್ನೇ ಹೇಳಿದ್ದರು.

ಎಚ್ಚರಿಕೆಯ ಮಾತು ಹೇಳಿದವರು ಇರಲಿಲ್ಲವೆಂದಲ್ಲ. ಲಂಡನ್ನಿನ ರಿಚರ್ಡ್ ಆಷರ್ ಎಂಬ ವೈದ್ಯ 1947ರಲ್ಲೇ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಹಾಸಿಗೆ ಹಿಡಿಯುವುದರ ಅಪಾಯಗಳ ಬಗ್ಗೆ ಲೇಖನ ಬರೆದ. ಮಲಗಿದವರ ಸ್ನಾಯು ಸೊರಗುತ್ತದೆ, ಮೂಳೆಯ ಸುಣ್ಣ ಕರಗುತ್ತದೆ, ರಕ್ತ ಹೆಪ್ಪುಗಟ್ಟುತ್ತದೆ, ಮನಸ್ಸು ಕುಗ್ಗುತ್ತದೆ ಎಂದು ಒಂದೊಂದಾಗಿ ಎಣಿಸಿದ. ಸೊಂಟನೋವಿನ ವಿಷಯಕ್ಕೆ ಅಳೆದು ನೋಡಿದ್ದು ಮಾತ್ರ ಬಹಳ ತಡವಾಗಿ. ಅಮೆರಿಕದ ರಿಚರ್ಡ್ ಡೇಯೋ ಮತ್ತು ಸಂಗಡಿಗರು 203 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಕೆಲವರಿಗೆ ಎರಡು ದಿನ, ಕೆಲವರಿಗೆ ಏಳು ದಿನ ಮಲಗಲು ಹೇಳಿದರು. ನೋವು ಕಡಿಮೆಯಾಗುವುದರಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ. ಎರಡು ದಿನದವರು ಕೆಲಸಕ್ಕೆ ತಪ್ಪಿಸಿಕೊಂಡ ದಿನಗಳು ಮಾತ್ರ ಶೇಕಡಾ 45ರಷ್ಟು ಕಡಿಮೆ. ಅದು ಪ್ರಕಟವಾದದ್ದು 1986ರಲ್ಲಿ.

1986 ಎಂಬ ಅಂಕಿಯನ್ನು ನಾನು ಎರಡು ಸಲ ನೋಡಿದೆ. ನಮ್ಮ ಯಂತ್ರವನ್ನು ಮಾರಿದ ವರ್ಷ.

1995ರಲ್ಲಿ ಫಿನ್ಲೆಂಡಿನಿಂದ ಇನ್ನೊಂದು ವರದಿ ಬಂತು. ಹೆಲ್ಸಿಂಕಿ ನಗರಸಭೆಯ ನೌಕರರಲ್ಲಿ ಸೊಂಟ ಹಿಡಿದುಕೊಂಡ 186 ಜನರನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎರಡು ದಿನ ಹಾಸಿಗೆ, ಇನ್ನೊಂದಕ್ಕೆ ಬೆನ್ನಿನ ವ್ಯಾಯಾಮ, ಮೂರನೆಯದಕ್ಕೆ ನೋವು ತಡೆಯುವಷ್ಟು ಮಟ್ಟಿಗೆ ಎಂದಿನ ಓಡಾಟ. ಬೇಗ ಚೇತರಿಸಿಕೊಂಡವರು ಎಂದಿನ ಓಡಾಟದವರು. ನನ್ನ ವಿದ್ಯಾರ್ಥಿನಿ ಹೇಳಿದ ಡಿಸ್ಕಿನ ಉಬ್ಬಿನ ಮಾತಿಗೂ ಆಧಾರವಿತ್ತು. 1994ರಲ್ಲಿ ಸೊಂಟನೋವೇ ಇಲ್ಲದ 98 ಜನರಿಗೆ ಎಂಆರ್‌ಐ ಮಾಡಿ ನೋಡಿದರೆ, ಎಲ್ಲ ಡಿಸ್ಕುಗಳೂ ಸರಿಯಿದ್ದವರು ಶೇಕಡಾ 36 ಮಾತ್ರ. ಅರ್ಧಕ್ಕಿಂತ ಹೆಚ್ಚು ಜನರಿಗೆ ಉಬ್ಬು ಇತ್ತು, ಅವರಿಗೆ ಅದರ ಸುಳಿವೇ ಇರಲಿಲ್ಲ. ತಲೆಗೂದಲು ನೆರೆಯುವ ಹಾಗೆ ಡಿಸ್ಕೂ ವಯಸ್ಸಿಗೆ ತಕ್ಕ ಹಾಗೆ ಬದಲಾಗುತ್ತದೆ. ಅಂದಿನಿಂದ ನಾನು ವರದಿಯ ಕಾಗದವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ.

ಕೆಲಸಕ್ಕೆ ಮರಳುವುದು ಹೇಗೆ ಎಂಬುದರ ಬಗ್ಗೆಯೂ ಒಂದು ಚರಿತ್ರೆ ಇದೆ, ಅದು ಇನ್ನೂ ಈಚಿನದು. ಸ್ವೀಡನ್ನಿನ ಯೋಥೆಬೋರಿ ಪಟ್ಟಣದ ವೋಲ್ವೋ ಕಾರ್ಖಾನೆಯಲ್ಲಿ ಸೊಂಟನೋವಿನಿಂದ ಎಂಟು ವಾರ ರಜೆಯಲ್ಲಿದ್ದ 103 ಕಾರ್ಮಿಕರ ಮೇಲೆ ನಡೆದ ಪ್ರಯೋಗದ ವರದಿ 1992ರಲ್ಲಿ ಬಂತು. ಫಿಸಿಯೋಥೆರಪಿಸ್ಟು ಅವರ ಕೆಲಸದ ಜಾಗಕ್ಕೇ ಹೋಗಿ ನೋಡಿದರು. ಇಂದು ಇಷ್ಟು, ನಾಳೆ ಇಷ್ಟು ಎಂದು ಮೊದಲೇ ಗೊತ್ತು ಮಾಡಿಕೊಂಡು, ಅಂದಿನ ನೋವಿನ ಲೆಕ್ಕ ಹಿಡಿಯದೆ ಚಟುವಟಿಕೆ ಏರಿಸುತ್ತ ಹೋದರು. ಅವರು ಇತರರಿಗಿಂತ ಬೇಗ ಕೆಲಸಕ್ಕೆ ಮರಳಿದರು. 1997ರಲ್ಲಿ ಕೆನಡಾದ ಪ್ಯಾಟ್ರಿಕ್ ಲುವಾಜೆಲ್ ಮತ್ತು ಸಂಗಡಿಗರು, ಚಿಕಿತ್ಸೆಯ ಜೊತೆಗೆ ನೌಕರ ಮತ್ತು ಮೇಲ್ವಿಚಾರಕ ಇಬ್ಬರನ್ನೂ ಕೂರಿಸಿ ಕೆಲಸದ ಜಾಗದಲ್ಲಿ ಏನು ಬದಲಿಸಬಹುದು ಎಂದು ನೋಡಿದರೆ ಎರಡು ಪಟ್ಟಿಗಿಂತ ಬೇಗ ಜನ ಮರಳುತ್ತಾರೆಂದು ತೋರಿಸಿದರು. ಅದೇ ವರ್ಷ ಆಸ್ಟ್ರೇಲಿಯದ ವಿಕ್ಟೋರಿಯ ರಾಜ್ಯದಲ್ಲಿ, ಸೊಂಟನೋವೆಂದು ಮಲಗಬೇಡಿ ಎಂದು ಟಿವಿಯಲ್ಲಿ ಜಾಹೀರಾತು ಕೊಡತೊಡಗಿದರು. ಜನರ, ಡಾಕ್ಟರುಗಳ ನಂಬಿಕೆ ಬದಲಾಯಿತು, ಪರಿಹಾರದ ಅರ್ಜಿಗಳೂ ಕಡಿಮೆಯಾದವು ಎಂದು ಅದನ್ನು ಅಳೆದು ನೋಡಿದ ರೇಚೆಲ್ ಬುಕ್‌ಬೈಂಡರ್ ಎಂಬ ವೈದ್ಯೆ ಮತ್ತು ಸಂಗಡಿಗರು 2001ರಲ್ಲಿ ವರದಿ ಮಾಡಿದರು.

ಬ್ರಿಟನ್ನಿನಲ್ಲಿ 2010ರ ಏಪ್ರಿಲ್‌ನಲ್ಲಿ ಕಾಯಿಲೆಯ ಚೀಟಿಯನ್ನೇ ಬದಲಾಯಿಸಿದರು. ಮೊದಲೆಲ್ಲ ಕೆಲಸಕ್ಕೆ ಯೋಗ್ಯರಲ್ಲ ಎಂದು ಬರೆಯುವುದಿತ್ತು. ಹೊಸ ಚೀಟಿಯಲ್ಲಿ, ಕೆಲವು ಅನುಕೂಲ ಮಾಡಿಕೊಟ್ಟರೆ ಕೆಲಸ ಮಾಡಬಲ್ಲರು ಎಂಬುದಕ್ಕೂ ಜಾಗ ಬಂತು. ಹಂತಹಂತವಾಗಿ ಮರಳುವುದು, ಸಮಯ ಬದಲಿಸುವುದು, ಕೆಲಸ ಬದಲಿಸುವುದು, ಜಾಗ ಸರಿಪಡಿಸುವುದು ಎಂದು ನಾಲ್ಕು ಆಯ್ಕೆಗಳು.

ಇದನ್ನು ಓದಿದಾಗ ನನಗೆ ಅಸೂಯೆಯಾಯಿತು. ನನ್ನ ಪರಿವರ್ತಿತ ರಜೆ ಒಂದು ದಿನಕ್ಕೆ ಎರಡು ದಿನದ ಅರ್ಧವೇತನ ರಜೆಯನ್ನು ನುಂಗುತ್ತ ಕರಗುತ್ತಿತ್ತು. ಮರಳಬೇಕೆಂದರೆ ಫಿಟ್‌ನೆಸ್ ಸರ್ಟಿಫಿಕೇಟ್ ಬೇಕು. ಅದರಲ್ಲಿ ಫಿಟ್ ಎಂದಿರಬೇಕು, ಇಲ್ಲವಾದರೆ ಮನೆ. ಮುಖ್ಯೋಪಾಧ್ಯಾಯರಿಗೆ ಫೋನು ಮಾಡಿದೆ. "ಪೂರ್ತಿ ವಾಸಿ ಮಾಡ್ಕೊಂಡೇ ಬನ್ನಿ ಮೇಡಂ. ಅರ್ಧಂಬರ್ಧ ಬಂದು ಮತ್ತೆ ಮಲಗಿದ್ರೆ ನಮಗೂ ಕಷ್ಟ" ಎಂದರು. ಅವರ ಕಷ್ಟ ಅವರಿಗೆ. ನಾನು ಸಂಜೆ ಬೀದಿಯ ಕೊನೆಯವರೆಗೆ ನಡೆಯುವುದನ್ನು ಕಂಡ ಸಹೋದ್ಯೋಗಿಯೊಬ್ಬರು ಸ್ಟಾಫ್‌ರೂಮಿನಲ್ಲಿ, "ವಾಕಿಂಗ್ ಮಾಡಕ್ಕಾಗತ್ತಂತೆ, ಪಾಠ ಮಾಡಕ್ಕಾಗಲ್ವಂತೆ" ಎಂದರೆಂದು ನನ್ನ ಕಿವಿಗೂ ಬಿತ್ತು. ಎರಿಕ್ಸನ್ ಮತ್ತು ಪೇಜ್ ಇಬ್ಬರೂ ನಮ್ಮ ಶಾಲೆಯಲ್ಲೇ ಇದ್ದಾರಲ್ಲ ಎಂದುಕೊಂಡೆ.

ಐದನೆಯ ವಾರ ಸರ್ಟಿಫಿಕೇಟ್ ತೆಗೆದುಕೊಂಡು ಹೋದೆ. ಹೋಗುವ ಮೊದಲು ನನ್ನ ದಿನದ ಕೆಲಸವನ್ನೆಲ್ಲ ಒಂದು ಹಾಳೆಯಲ್ಲಿ ಬರೆದು, ಯಾವುದು ಆಗುತ್ತದೆ, ಯಾವುದು ಸದ್ಯಕ್ಕೆ ಬೇಡ ಎಂದು ಗುರುತು ಮಾಡಿಕೊಂಡಿದ್ದೆ. ಗಣಿತದ ಮೇಡಂ ಮಹಡಿಯ ಮೇಲಿನ ತನ್ನ ಕೊಠಡಿ ಮತ್ತು ನನ್ನ ಕೊಠಡಿಯನ್ನು ಅದಲುಬದಲು ಮಾಡಿಕೊಂಡರು. ನೋಟ್‌ಬುಕ್ಕುಗಳನ್ನು ಹತ್ತು ಹತ್ತರಂತೆ ಮಕ್ಕಳೇ ತಂದಿಟ್ಟರು. ವಿಜ್ಞಾನದ ಕೊಠಡಿಯಿಂದ ಎತ್ತರದ ಸ್ಟೂಲು ಬಂತು. ಒಂದು ಪೀರಿಯಡ್ಡಿನಲ್ಲಿ ಸ್ವಲ್ಪ ನಿಂತು, ಸ್ವಲ್ಪ ಅದರ ಮೇಲೆ ಒರಗಿ, ಸಾಲುಗಳ ನಡುವೆ ಓಡಾಡಿ ಪಾಠ ಮಾಡಿದೆ. ಮೊದಲ ವಾರ ದಿನಕ್ಕೆ ಮೂರು ಪೀರಿಯಡ್, ಉಳಿದವನ್ನು ಇಬ್ಬರು ಹಂಚಿಕೊಂಡರು. ಮೂರನೆಯ ವಾರಕ್ಕೆ ಐದು. ಇದಾವುದೂ ಹಾಜರಿ ಪುಸ್ತಕದಲ್ಲಿಲ್ಲ. ಕಾನೂನು ಕೊಡದ ಅನುಕೂಲವನ್ನು ಗೆಳತಿಯರು ಕೊಟ್ಟರು. ಆದರೆ ಅಂಥ ಗೆಳತಿಯರಿಲ್ಲದ ಕಡೆ ಕೆಲಸ ಮಾಡುವವರ ಗತಿಯೇನು ಎಂದು ಈಗಲೂ ಯೋಚಿಸುತ್ತೇನೆ.

ನೋವು ಪೂರ್ತಿ ಹೋಗಿ ಆಮೇಲೆ ನಾನು ಕೆಲಸಕ್ಕೆ ಹೋಗಲಿಲ್ಲ. ಹೋದ ಮೇಲೆ ನೋವು ಮೆಲ್ಲಗೆ ಹಿಂದೆ ಸರಿಯಿತು. ಮಧ್ಯೆ ಎರಡು ಸಲ ಜೋರಾದದ್ದೂ ಉಂಟು. ಆಗ ಎರಡು ದಿನ ಕೆಲಸ ತಗ್ಗಿಸಿದೆ, ಹಾಸಿಗೆ ಹಿಡಿಯಲಿಲ್ಲ. ಇಂದಿಗೂ ಮಳೆಗಾಲದ ಬೆಳಿಗ್ಗೆ ಅದು ಬಂದು ಮಾತಾಡಿಸಿಕೊಂಡು ಹೋಗುತ್ತದೆ.

ಶಾಲೆಯ ರಜೆ ಹಾಕಿದ ಹೆಂಗಸಿಗೆ ಮನೆಯಲ್ಲಿ ರಜೆಯಿಲ್ಲ ಎಂಬುದನ್ನು ನಿಮಗೆ ನಾನು ಹೇಳಬೇಕಿಲ್ಲ. ಆದ್ದರಿಂದ ಮರಳುವ ಲೆಕ್ಕದಲ್ಲಿ ಮನೆಗೆಲಸವನ್ನೂ ಸೇರಿಸಿ ಬರೆಯಿರಿ. ಈಳಿಗೆಮಣೆಯ ಮುಂದೆ ಕೂರುವುದು ಕಷ್ಟವಾದರೆ ಮೇಜಿನ ಮೇಲೆ ಚಾಕು ಹಿಡಿಯಿರಿ. ತುಂಬಿದ ಬಿಂದಿಗೆಯನ್ನು ಸೊಂಟಕ್ಕೆ ಏರಿಸುವ ಬದಲು ಎರಡು ಸಣ್ಣ ಪಾತ್ರೆ ಮಾಡಿಕೊಳ್ಳಿ. ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಇರಬೇಡಿ, ದಿನವೂ ನಡೆಯಿರಿ. ಜಗತ್ತಿನಲ್ಲಿ 2020ರಲ್ಲಿ 61.9 ಕೋಟಿ ಜನಕ್ಕೆ ಸೊಂಟನೋವು ಇತ್ತೆಂದು ಅಂದಾಜು, ಅವರಲ್ಲಿ ಗಂಡಸರಿಗಿಂತ ಹೆಂಗಸರೇ ಹೆಚ್ಚು. 2023ರ ಡಿಸೆಂಬರಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೀರ್ಘಕಾಲದ ಸೊಂಟನೋವಿಗೆ ಮಾರ್ಗಸೂಚಿ ಕೊಟ್ಟಿತು. ತಿಳಿವಳಿಕೆ, ವ್ಯಾಯಾಮ, ಮನಸ್ಸಿಗೆ ಧೈರ್ಯ ತರುವ ಚಿಕಿತ್ಸೆ ಬೇಕು ಎಂದಿತು. ಬೆಲ್ಟು, ಟ್ರ್ಯಾಕ್ಷನ್ ಇವು ವಾಡಿಕೆಯಾಗಿ ಬೇಡ ಎಂದಿತು.

ಒಂದು ಎಚ್ಚರಿಕೆ ಮಾತ್ರ ಮರೆಯಬಾರದು. ತೊಡೆಗಳ ಸಂದಿನಲ್ಲಿ ಜೋಮು ಹಿಡಿದರೆ, ಮೂತ್ರ ಕಟ್ಟಿದರೆ ಅಥವಾ ಮೂತ್ರ, ಮಲದ ಮೇಲೆ ಹಿಡಿತ ತಪ್ಪಿದರೆ, ಕಾಲಿನ ಬಲ ಕುಂದುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಜ್ವರ ಇದ್ದರೆ, ಕಾರಣವಿಲ್ಲದೆ ತೂಕ ಇಳಿದರೆ, ಮೊದಲು ಕ್ಯಾನ್ಸರ್ ಆಗಿದ್ದರೆ, ವಯಸ್ಸಾದವರು ಬಿದ್ದಿದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಬೇಕು. ನನ್ನ ವಿದ್ಯಾರ್ಥಿನಿ ಗೇಟಿನವರೆಗೆ ನಡೆಸುವ ಮೊದಲು ಕೇಳಿದ ಪ್ರಶ್ನೆಗಳು ಇವೇ.

ಆ ಕಾಗದಗಳನ್ನೆಲ್ಲ ಓದಿ ಮುಗಿಸಿದ ಮೇಲೆ ಅಮ್ಮನಿಗೆ ಹೇಳಬೇಕೋ ಬೇಡವೋ ಎಂದು ಬಹಳ ದಿನ ಯೋಚಿಸಿದೆ. ಮೂವತ್ತಾರು ವರ್ಷದ ಮೇಲೆ, ನೀನು ಮಲಗಬೇಕಾಗಿರಲಿಲ್ಲ ಎಂದು ಹೇಳಿ ಏನು ಪ್ರಯೋಜನ? ಕೊನೆಗೆ ಒಂದು ಮಧ್ಯಾಹ್ನ ಅವರೆಕಾಯಿ ಬಿಡಿಸುತ್ತ ಕೂತಿದ್ದಾಗ ಹೇಳಿದೆ. ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿದ್ದು, ಎರಡು ದಿನ ಸಾಕು ಎಂದದ್ದು.

"ಯಾವ ವರ್ಷ?" ಎಂದಳು.

"1986."

ಕೈಯಲ್ಲಿದ್ದ ಕಾಯಿ ಬಿಡಿಸಿ ಬೀಜವನ್ನು ಮೊರಕ್ಕೆ ಹಾಕಿದಳು. "ಮಿಷನ್ನು ನಿನ್ನ ಫೀಸಿಗೆ ಆಯ್ತಲ್ಲ ಬಿಡು" ಎಂದಳು. ಸ್ವಲ್ಪ ಹೊತ್ತಾದ ಮೇಲೆ, "ಡಾಕ್ಟರು ಕೇಳಿದಾಗ ಹೊಲೀತೀನಿ ಅಂತ ನಾನಾದ್ರೂ ಹೇಳಬೇಕಿತ್ತು" ಎಂದಳು.

2020ರಲ್ಲಿ ಅಮ್ಮ ತೀರಿಕೊಂಡಳು. ಈಗ ನಮ್ಮ ಶಾಲೆಗೆ ದಾಖಲಾತಿಗೆ ಬರುವ ಮಕ್ಕಳ ಅರ್ಜಿಯಲ್ಲಿ ತಾಯಿಯ ಉದ್ಯೋಗ ಎಂಬ ಕಡೆ ಏನಿಲ್ಲ ಎಂದು ಬರೆಸಲು ಬಂದವರನ್ನು ನಾನು ಸುಮ್ಮನೆ ಬಿಡುವುದಿಲ್ಲ. ಹೂ ಕಟ್ಟುತ್ತೀರಾ, ಬೀಡಿ ಕಟ್ಟುತ್ತೀರಾ, ಹೊಲಿಯುತ್ತೀರಾ, ಹಸು ಕಟ್ಟಿದ್ದೀರಾ ಎಂದು ಕೇಳುತ್ತೇನೆ. ಮೊದಲು ನಾಚುತ್ತಾರೆ, ಆಮೇಲೆ ಹೇಳುತ್ತಾರೆ. ಹೇಳಿದ್ದನ್ನು ಬರೆದುಕೊಳ್ಳುತ್ತೇನೆ.